ರೇಣುಕಾಳ ಕುರಿಗಳು, ನನ್ನ ಸಹಿ

ಕಳೆದ ವಾರ ಒಬ್ಬ ಹುಡುಗಿ ನನಗೆ ನನ್ನದೇ ಸಹಿ ತೋರಿಸಿ, "ಇದು ನಿಮ್ದ ಏನ್ರಿ?" ಎಂದು ಕೇಳಿದಳು.

ಗಡಹಿಂಗ್ಲಜದ ತಮ್ಮನ ಮನೆಯಲ್ಲಿ ಅವನ ಮೊಮ್ಮಗಳಿಗೆ ಹೆಸರಿಡುವ ಕಾರ್ಯಕ್ರಮ ಇತ್ತು. ಕೊಲ್ಹಾಪುರದಿಂದ ಬೆಳಗಿನ ಬಸ್ಸಿಗೇ ಹೋಗಿದ್ದೆ. ತೊಟ್ಟಿಲು ತೂಗಿದ್ದಾಯಿತು, ಹೋಳಿಗೆ ಊಟವಾಯಿತು, ಅಂಗಳದಲ್ಲಿ ನೆರಳಿಗೆ ಕುರ್ಚಿ ಎಳೆದುಕೊಂಡು ಕೂತಿದ್ದೆ. (ಹೋಳಿಗೆ ಉಂಡ ಮೇಲಿನ ಒಂದು ತಾಸು ನನ್ನಷ್ಟು ನಿಶ್ಚಿಂತ ಮನುಷ್ಯರು ಈ ಜಿಲ್ಲೆಯಲ್ಲೇ ಇರುವುದಿಲ್ಲ.) ಆಗ ಗೇಟು ತೆರೆದು ಆಕೆ ಬಂದಳು. ಇಪ್ಪತ್ತೆರಡರ ಆಸುಪಾಸಿನ ಹುಡುಗಿ. ಹೆಗಲಿಗೆ ಕಾಲೇಜಿನ ಬ್ಯಾಗು, ಚಪ್ಪಲಿಯ ತುಂಬ ಧೂಳು. ಹೆಸರು ರೇಣುಕಾ ಎಂದಳು. ಉತ್ತೂರಿನ ಹತ್ತಿರದ ಒಂದು ವಾಡಿ ಅವಳ ಊರು. ನಾನು ಆ ದಿನ ಗಡಹಿಂಗ್ಲಜಕ್ಕೆ ಬರುತ್ತೇನೆಂದು ಅವಳ ಕಾಲೇಜಿನ ಸರ್ ಹೇಳಿ ಕಳಿಸಿದ್ದರು. ಅವರಿಗೂ ನನ್ನ ತಮ್ಮನಿಗೂ ಗೆಳೆತನ.

ಅವಳ ಮೊಬೈಲಿನಲ್ಲಿ ಒಂದು ಪ್ರಮಾಣಪತ್ರದ ಫೋಟೊ ಇತ್ತು. ಸುತ್ತ ಬಂಗಾರದ ಬಣ್ಣದ ಅಂಚು, ಮೇಲೆ ನಾನು ಹಿಂದೆ ಪಾಠ ಮಾಡುತ್ತಿದ್ದ ಕಾಲೇಜಿನ ಚಿಹ್ನೆ, ನಡುವೆ ಆ ಸರ್ ಹೆಸರು. ಬಯೋಇನ್‌ಫರ್ಮ್ಯಾಟಿಕ್ಸ್ ವಿಷಯದಲ್ಲಿ ಐದು ದಿನಗಳ ತರಬೇತಿ ಪಡೆದಿದ್ದಾರೆ, ಇತರರಿಗೆ ತರಬೇತಿ ಕೊಡಲು ಸಮರ್ಥರಿದ್ದಾರೆ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಕೆಳಗೆ ಬಲಗಡೆ, ಸಂಯೋಜಕಿ ಎಂಬಲ್ಲಿ, ನೀಲಿ ಶಾಯಿಯಲ್ಲಿ ನನ್ನ ಸಹಿ. ಸಹಿಯ ಅಡಿಯಲ್ಲಿ ಎರಡು ಗೆರೆ ಬೇರೆ.

"ಹೌದವ್ವ, ನಂದ. ಯಾಕ?"

"ಸರ್‌ಗೆ ನನಗ ಕಲಸ್ರಿ ಅಂತ ಕೇಳಿದೆ. 'ಐದು ದಿವಸ ಕುಂತು ಬಂದೇನಿ, ಆದ್ರ ನನಗ ಬರೂದಿಲ್ಲ, ಸಹಿ ಮಾಡಿದ ಮೇಡಮ್‌ರನ್ನ ಕೇಳು' ಅಂದ್ರು. ಅದಕ್ಕ ಬಂದೇನ್ರಿ."

ಅವಳು ಕುಚೋದ್ಯ ಮಾಡುತ್ತಿರಲಿಲ್ಲ. ದಾರಿ ತಪ್ಪಿದವರು ವಿಳಾಸ ಕೇಳುವ ಹಾಗೆ ಕೇಳುತ್ತಿದ್ದಳು. ಅದೇ ನನಗೆ ಕಷ್ಟವಾಯಿತು.

ಬಯೋಇನ್‌ಫರ್ಮ್ಯಾಟಿಕ್ಸ್ ಅಂದರೇನು ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಪ್ರತಿ ಜೀವಿಯ ಜೀವಕೋಶದೊಳಗೆ ನಾಲ್ಕೇ ಅಕ್ಷರಗಳಲ್ಲಿ ಬರೆದ ಒಂದು ಬಹಳ ಉದ್ದನೆಯ ಬರಹ ಇದೆ. ಅದನ್ನು ಈಗ ಯಂತ್ರ ಓದಿ ಕೊಡುತ್ತದೆ. ಆದರೆ ಓದಿ ಕೊಟ್ಟದ್ದಕ್ಕೆ ಅರ್ಥ ಹಚ್ಚಬೇಕಲ್ಲ? ಅದಕ್ಕೆ ಕಂಪ್ಯೂಟರ್ ಬೇಕು, ಆ ಕಂಪ್ಯೂಟರಿನ ಮುಂದೆ ಕೂತು ಎಲ್ಲಿ ನೋಡಬೇಕೆಂದು ಬಲ್ಲ ಮನುಷ್ಯ ಬೇಕು. ಕಂಪ್ಯೂಟರ್ ಈಗ ಎಲ್ಲ ಕಡೆ ಸಿಗುತ್ತದೆ. ಮನುಷ್ಯ ಸಿಗುವುದಿಲ್ಲ.

ರೇಣುಕಾಳದು ಕುರಿ ಸಾಕುವ ಮನೆತನ. ಮನೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಮರಾಠಿ, ಪುಸ್ತಕದಲ್ಲಿ ಇಂಗ್ಲಿಷ್. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಕೊನೆಯ ವರ್ಷ. ಪ್ರಾಜೆಕ್ಟಿಗೆ ವಿಷಯ ಯಾವುದು ಎಂದು ಕೇಳಿದೆ.

"ನಮ್ಮ ಹಿಂಡ್‌ದಾಗ ಒಂದು ಸಂತಾನ ಐತ್ರಿ. ನಮ್ಮ ಆಯಿ ಅದಕ್ಕ ಕರಿಮೂತಿ ಸಂತಾನ ಅಂತಾಳ. ಆ ಕುರಿ, ಅದರ ಮಕ್ಕಳು, ಮೊಮ್ಮಕ್ಕಳು, ಎಲ್ಲಾ ಜೋಡಿ ಮರಿ ಹಾಕ್ತಾವ. ಉಳದಾವು ಒಂದೊಂದ. ಎಲ್ಲಾಕೂ ಮೇವು ಒಂದ, ನೀರು ಒಂದ. ಮತ್ತ ಹಿಂಗ ಯಾಕಂತ ನಾ ಸಣ್ಣಾಕಿ ಇದ್ದಾಗಿಂದ ಕೇಳಾಕತ್ತೇನಿ. ಯಾರೂ ಹೇಳಿಲ್ರಿ."

ಎಷ್ಟು ಒಳ್ಳೆಯ ಪ್ರಶ್ನೆ ನೋಡಿ. ನಾನು ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಪ್ರಾಜೆಕ್ಟಿನ ವಿಷಯ ಮನೆಯಿಂದ ತಂದ ವಿದ್ಯಾರ್ಥಿಗಳನ್ನು ಬೆರಳಲ್ಲಿ ಎಣಿಸಬಹುದು. ಉಳಿದವರೆಲ್ಲ ಸೀನಿಯರ್‌ಗಳ ಹಳೆಯ ಪ್ರಾಜೆಕ್ಟಿನಿಂದ ತರುತ್ತಿದ್ದರು. (ಅದನ್ನು ನಾವೂ ನೋಡಿಯೂ ನೋಡದ ಹಾಗೆ ಇರುತ್ತಿದ್ದೆವು.)

ಕುರಿ ಅವಳಿ ಮರಿ ಹಾಕುವುದಕ್ಕೆ ಒಂದು ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುವುದು ಕಾರಣವಾಗಬಲ್ಲದು ಎಂದು ವಿಜ್ಞಾನಿಗಳು ಹಿಂದೆಯೇ ಕಂಡುಕೊಂಡಿದ್ದಾರೆ. ತನ್ನ ಮನೆಯ ಕುರಿಗಳಲ್ಲೂ ಅದೇ ಅಕ್ಷರ ಬದಲಾಗಿದೆಯೇ? ಇಷ್ಟೇ ರೇಣುಕಾಳಿಗೆ ತಿಳಿಯಬೇಕಿತ್ತು. ಎಂಟು ಕುರಿಗಳ ರಕ್ತ ತೆಗೆದು, ಅವಳ ಗೈಡ್ ಪರಿಚಯದ ಒಂದು ಲ್ಯಾಬಿಗೆ ಕಳಿಸಿದ್ದರು. ಅಲ್ಲಿಂದ ಎಂಟು ಫೈಲುಗಳು ಈಮೇಲಿಗೆ ಬಂದು ತಿಂಗಳಾಗಿತ್ತು. ಬಂದದ್ದನ್ನು ಓದುವವರು ಗಡಹಿಂಗ್ಲಜದಲ್ಲಿ ಸಿಗಲಿಲ್ಲ. ಕೊಲ್ಹಾಪುರದಲ್ಲಿ ಇಬ್ಬರನ್ನು ಕೇಳಿದಳಂತೆ, ಒಬ್ಬರು ಆಮೇಲೆ ಬಾ ಎಂದರು, ಇನ್ನೊಬ್ಬರು ಫೋನ್ ಎತ್ತಲಿಲ್ಲ. ವರದಿ ಕೊಡಲು ಇನ್ನು ಹನ್ನೆರಡು ದಿನ.

ಬ್ಯಾಗಿನಿಂದ ಪ್ರಿಂಟ್‌ಔಟ್ ತೆಗೆದು ನನ್ನ ತೊಡೆಯ ಮೇಲೆ ಹರಡಿದಳು. ನಾಲ್ಕು ಬಣ್ಣದ ಗೆರೆಗಳು. ಏರಿಳಿತ, ಏರಿಳಿತ. ಪುಟದ ತುಂಬ ಗುಡ್ಡದ ಸಾಲು.

ನಾನು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದೆ. ಎಷ್ಟು ನೋಡಿದರೂ ಗುಡ್ಡ ಗುಡ್ಡವಾಗಿಯೇ ಉಳಿಯಿತು.

"ನನಗೂ ಬರೂದಿಲ್ಲವ್ವ," ಎಂದೆ.

"ಮತ್ತ ನೀವು ಸಹಿ ಮಾಡೀರಲ್ರಿ?"

ಹೋಳಿಗೆಯ ನಿಶ್ಚಿಂತೆ ಅಲ್ಲಿಗೆ ಮುಗಿಯಿತು.

ಈಗ ಹತ್ತು ವರ್ಷದ ಹಿಂದಕ್ಕೆ ಹೋಗಬೇಕು. ಇಚಲಕರಂಜಿಯ ಕಾಲೇಜೊಂದರಲ್ಲಿ ನಾನು ಮೈಕ್ರೋಬಯಾಲಜಿ ವಿಭಾಗದ ಮುಖ್ಯಸ್ಥೆ. ಹೊರಗಿನ ಒಂದು ಸಂಸ್ಥೆಯ ನೆರವಿನಿಂದ ಐದು ದಿನಗಳ ಕಾರ್ಯಾಗಾರ ನಮಗೆ ಸಿಕ್ಕಿತು. ಹಿಂದುಳಿದ ಭಾಗದ ಕಾಲೇಜುಗಳಿಗೆ ಹೊಸ ವಿದ್ಯೆ ತಲುಪಬೇಕು ಎಂಬುದು ಉದ್ದೇಶ. ನಾವು ಹಿಂದುಳಿದವರು ಎಂದು ಗೊತ್ತಾದ ದಿನ ಇಡೀ ಸ್ಟಾಫ್ ರೂಮಿಗೆ ಪೇಢೆ ಹಂಚಿದೆವು.

ಬ್ಯಾನರ್ ಆಯಿತು. ದೀಪ ಹಚ್ಚಿದ್ದಾಯಿತು. ಶಾಲು, ತೆಂಗಿನಕಾಯಿ, ಹೂಗುಚ್ಛ. ಊಟದ ಮೆನು ಬಗ್ಗೆ ಮೂರು ಮೀಟಿಂಗ್ ಮಾಡಿದ್ದೆವು, ಎರಡನೆಯ ದಿನದ ಬಾಸುಂದಿಯನ್ನು ಬಂದವರು ಈಗಲೂ ನೆನೆಸುತ್ತಾರೆ. ದೊಡ್ಡ ಊರುಗಳಿಂದ ಬಂದ ತರಬೇತುದಾರರು ಒಳ್ಳೆಯವರು, ಮನಸ್ಸಿಟ್ಟು ಕಲಿಸಿದರು. ಅವರ ತಪ್ಪು ಎಂದು ನಾನು ಹೇಳಲಾರೆ. ಆದರೆ ಅವರು ತೋರಿಸಿದ್ದೆಲ್ಲ ಎಲ್ಲೋ ದೂರದಲ್ಲಿದ್ದ ಅವರ ದೊಡ್ಡ ಕಂಪ್ಯೂಟರಿನ ಮೇಲೆ ನಡೆಯುತ್ತಿತ್ತು. ನಮಗೆಲ್ಲ ಒಂದೊಂದು ಲಾಗಿನ್ ಕೊಟ್ಟಿದ್ದರು. ಅವರು ಹೇಳಿದ ಗುಂಡಿ ಒತ್ತಿದರೆ ಪರದೆಯ ಮೇಲೆ ಏನೋ ಚಂದ ಬರುತ್ತಿತ್ತು. ನಾವು "ಅರೆ ವ್ಹಾ" ಎನ್ನುತ್ತಿದ್ದೆವು. ಅರ್ಧ ಜನ ಚಹಾಕ್ಕೆ ಹೋದವರು ಊಟ ಮುಗಿಸಿಕೊಂಡೇ ಬರುತ್ತಿದ್ದರು.

ಕೊನೆಯ ದಿನ ಸಮಾರೋಪಕ್ಕೆ ಮೊದಲು ಯಾರಿಗಾದರೂ ಪ್ರಶ್ನೆ ಇದ್ದರೆ ಕೇಳಿ ಎಂದರು. ಕೊನೆಯ ಬೆಂಚಿನಿಂದ ಒಬ್ಬಳು ಎದ್ದು ನಿಂತಳು. ಶಿವಲೀಲಾ. ಅಕಿವಾಟದ ರೈತರ ಮಗಳು, ನಮ್ಮ ವಿಭಾಗದಲ್ಲೇ ತಾಸಿನ ಲೆಕ್ಕದ ಮೇಲೆ ಪಾಠ ಮಾಡುತ್ತಿದ್ದಳು. ದಿನಾ ಎರಡು ಬಸ್ ಬದಲಿಸಿ ಬರುತ್ತಿದ್ದಳು.

"ಸರ್, ಈ ಲಾಗಿನ್ ಸೋಮವಾರ ನಡೆಯುತ್ತದೆಯೇ?" ಎಂದು ಮರಾಠಿಯಲ್ಲಿ ಕೇಳಿದಳು.

"ಇವತ್ತು ಸಂಜೆ ಐದರವರೆಗೆ," ಎಂದು ತರಬೇತುದಾರರು ನಗುತ್ತ ಹೇಳಿದರು.

ಸಭಾಂಗಣ ನಕ್ಕಿತು. ನಾನೂ ನಕ್ಕೆ. ಶಿವಲೀಲಾ ನಗಲಿಲ್ಲ, ಕೂತು ಏನೋ ಬರೆದುಕೊಂಡಳು. ಆಮೇಲೆ ನಾನು ಒಂದರ ಹಿಂದೆ ಒಂದು ಎಲ್ಲ ಪ್ರಮಾಣಪತ್ರಗಳಿಗೂ ಸಹಿ ಮಾಡಿದೆ. ಇತರರಿಗೆ ತರಬೇತಿ ಕೊಡಲು ಸಮರ್ಥರು ಎಂಬ ಸಾಲನ್ನು ಓದಿದ್ದೆನೇ? ಓದಿದ್ದೆ. ಎಲ್ಲ ಕಡೆ ಹೀಗೇ ಬರೆಯುತ್ತಾರೆ ಎಂದುಕೊಂಡಿದ್ದೆ.

ಮುಂದಿನ ಶನಿವಾರ ಮಧ್ಯಾಹ್ನ ಮೇಲಿನ ಮಹಡಿಯ ಕಂಪ್ಯೂಟರ್ ಲ್ಯಾಬಿನಲ್ಲಿ ಸದ್ದು ಕೇಳಿತು. ಹೋಗಿ ನೋಡಿದರೆ ಶಿವಲೀಲಾ, ಎದುರಿಗೆ ಐದಾರು ವಿದ್ಯಾರ್ಥಿಗಳು. ದೂರದ ಕಂಪ್ಯೂಟರಿನ ಹಂಗಿಲ್ಲದೆ, ನಮ್ಮ ಹಳೆಯ ಯಂತ್ರಗಳಲ್ಲೇ ಓಡುವ ಉಚಿತ ಸಾಫ್ಟ್‌ವೇರ್‌ಗಳನ್ನು ಅವಳು ಹುಡುಕಿ ಹುಡುಕಿ ಹಾಕಿದ್ದಳು. ಶನಿವಾರ ನೆಟ್ ಬರುತ್ತದೋ ಇಲ್ಲವೋ ಎಂದು ಬೇಕಾದ ಮಾಹಿತಿಯನ್ನೆಲ್ಲ ಶುಕ್ರವಾರವೇ ಪೆನ್‌ಡ್ರೈವಿಗೆ ಇಳಿಸಿಕೊಳ್ಳುತ್ತಿದ್ದಳು. ಕರೆಂಟ್ ಹೋದರೆ ಬೋರ್ಡಿನ ಮೇಲೆ ಅಕ್ಷರ ಬರೆದು ಕೈಯಿಂದಲೇ ಲೆಕ್ಕ ಮಾಡಿಸುತ್ತಿದ್ದಳು.

ಒಮ್ಮೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಎರಡು ಜೀನ್‌ಗಳನ್ನು ಒಂದರ ಕೆಳಗೆ ಒಂದಿಟ್ಟು ಹೋಲಿಸುವುದನ್ನು ಹೇಳುತ್ತಿದ್ದಳು. ಮುಂದೆ ಕೂತ ಹುಡುಗಿಯ ಮನೆಯಲ್ಲಿ ಪವರ್‌ಲೂಮ್ ಇತ್ತು.

"ನಿಮ್ಮ ಮನ್ಯಾಗ ಅರಬಿ ನೇದ ಮ್ಯಾಲ ಎಳಿ ತಪ್ಪಿದ್ದು ಹ್ಯಾಂಗ ಹುಡಕ್ತೀರಿ?"

"ಚಲೋ ಇದ್ದ ಅರಬಿ ಬಾಜೂಕ ಇಟ್ಟು ನೋಡ್ತೀವ್ರಿ."

"ಇಲ್ಲೂ ಅಷ್ಟ. ಇದು ಚಲೋ ಇದ್ದದ್ದು, ಇದು ನಮ್ಮದು. ಎಳಿ ಎಲ್ಲಿ ತಪ್ಪೈತಿ ತೋರಸು."

ಹುಡುಗಿ ಪರದೆಯ ಮೇಲೆ ಬೆರಳಿಟ್ಟು ತೋರಿಸಿದಳು. ಐದು ದಿನ ದೊಡ್ಡ ದೊಡ್ಡ ಸ್ಲೈಡ್ ನೋಡಿ ನನಗೆ ತಿಳಿಯದ್ದು ಆ ಬಾಗಿಲಲ್ಲಿ ತಿಳಿಯಿತು. ಒಳಗೆ ಹೋಗಿ ಕೂತು ಕಲಿಯಬಹುದಿತ್ತು. ವಿಭಾಗದ ಮುಖ್ಯಸ್ಥೆ, ತಾಸಿನ ಲೆಕ್ಕದವಳ ಕ್ಲಾಸಿನಲ್ಲಿ ಬೆಂಚಿನ ಮೇಲೆ ಕೂಡುವುದೇ? ಕೂಡಲಿಲ್ಲ.

ಎರಡು ವರ್ಷ ಆ ಕ್ಲಾಸು ನಡೆಯಿತು. ಶಿರೋಳ ತಾಲೂಕಿನ ಹಳ್ಳಿಗಳಿಂದ ಬಂದರು, ಕೊಲ್ಹಾಪುರದಿಂದ ಇಬ್ಬರು ಬಂದರು, ಗಡಹಿಂಗ್ಲಜದಿಂದ ಒಬ್ಬ ಬೆಳಿಗ್ಗೆಯೇ ಹೊರಟು ಬರುತ್ತಿದ್ದ. ಬ್ಯಾನರ್ ಇರಲಿಲ್ಲ, ಪ್ರಮಾಣಪತ್ರ ಇರಲಿಲ್ಲ. ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಸೇರಿಸಿ ಅವಳು ನೋಟ್ಸ್ ಬರೆಯುತ್ತಿದ್ದಳು, ಬಂದವರು ನಕಲು ಮಾಡಿಕೊಳ್ಳುತ್ತಿದ್ದರು.

ಆಮೇಲೆ ಅದೇ ಸಂಸ್ಥೆಯಿಂದ ಒಂದು ಪತ್ರ ಬಂತು. ತರಬೇತುದಾರರಿಗೇ ತರಬೇತಿ. ದೂರದ ದೊಡ್ಡ ಊರಿನಲ್ಲಿ, ಮೂರು ವಾರ, ಅಲ್ಲೇ ಉಳಿದು ಕಲಿಯುವುದು. ಹೋಗಿ ಬಂದವರು ತಮ್ಮ ಭಾಗದಲ್ಲಿ ವರ್ಷವಿಡೀ ಕಲಿಸಬೇಕು. ನಮ್ಮ ಕಾಲೇಜಿನಿಂದ ಒಂದೇ ಹೆಸರು. ಶಿವಲೀಲಾ ಆ ಪತ್ರವನ್ನು ನೋಟಿಸ್ ಬೋರ್ಡಿನ ಮುಂದೆ ನಿಂತು ಎರಡೆರಡು ಸಲ ಓದುವುದನ್ನು ನಾನು ನೋಡಿದೆ. ಬಂದು ಕೇಳಲಿಲ್ಲ. ಕೇಳುವ ಅಗತ್ಯ ಇದೆ ಎಂದು ಅವಳಿಗೆ ಅನಿಸಿರಲಿಕ್ಕಿಲ್ಲ. ಬೇರೆ ಯಾರ ಹೆಸರು ಇರಲು ಸಾಧ್ಯ?

ಪ್ರಿನ್ಸಿಪಾಲರು ನನ್ನನ್ನು ಕರೆದರು. "ಪರ್ಮನೆಂಟ್ ಮಂದಿನ್ನ ಕಳಸೂಣ್ರಿ. ತಾಸಿನ ಮ್ಯಾಲ ಇದ್ದವರು ನಾಳೆ ಇರ್ತಾರೋ ಇಲ್ಲೋ."

ಪತ್ರದಲ್ಲಿ, ಸಾಧ್ಯವಾದರೆ ಕಾಯಂ ಅಧ್ಯಾಪಕರನ್ನು ಕಳಿಸಿ ಎಂದಿತ್ತು. ಸಾಧ್ಯವಾದರೆ. ಆ ಒಂದು ಶಬ್ದವನ್ನು ಹಿಡಿದು ನಾನು ವಾದಿಸಬಹುದಿತ್ತು. ಅವರು ನಾಳೆ ಇರುತ್ತಾರೋ ಇಲ್ಲವೋ ಎಂಬುದನ್ನು ತೀರ್ಮಾನ ಮಾಡುವವರು ನಾವೇ ಅಲ್ಲವೇ ಎನ್ನಬಹುದಿತ್ತು. ಅದರ ಬದಲು ಒಬ್ಬ ಸೀನಿಯರ್ ಸಹೋದ್ಯೋಗಿಯ ಹೆಸರು ಬರೆದು ಸಹಿ ಮಾಡಿದೆ. ಆ ದಿನಗಳಲ್ಲಿ ನನ್ನದೊಂದು ಬಡ್ತಿಯ ಫೈಲು ಪ್ರಿನ್ಸಿಪಾಲರ ಟೇಬಲ್ ಮೇಲಿತ್ತು. ಅದಕ್ಕೇ ಸುಮ್ಮನಾದೆನೇ? ಇಷ್ಟು ವರ್ಷ ಅಲ್ಲ ಎಂದು ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಈ ಅಂಕಣ ಬರೆಯುವಾಗ ಹಾಗೆ ಬರೆಯಲು ಕೈ ಬರುತ್ತಿಲ್ಲ.

ಸಹೋದ್ಯೋಗಿ ಹೋಗಿ ಬಂದರು. ಅವರಿಗೆ ಕಲಿಯಬೇಕೆಂಬ ಆಸೆ ಮೊದಲೂ ಇರಲಿಲ್ಲ, ಆಮೇಲೂ ಬರಲಿಲ್ಲ. ಇನ್ನು ಮುಂದೆ ತರಬೇತಿ ಅಧಿಕೃತವಾಗಿ ನಡೆಯಬೇಕು, ವೇಳಾಪಟ್ಟಿ ತಯಾರಾಗಬೇಕು, ಅಲ್ಲಿಯವರೆಗೆ ಶನಿವಾರ ಲ್ಯಾಬ್ ತೆಗೆಯುವುದು ಬೇಡ ಎಂದು ತೀರ್ಮಾನವಾಯಿತು. ಆ ವೇಳಾಪಟ್ಟಿ ಕೊನೆಗೂ ತಯಾರಾಗಲಿಲ್ಲ.

ಶಿವಲೀಲಾ ಒಂದು ದಿನ ನನ್ನ ಕೋಣೆಗೆ ಬಂದಳು. "ಮೇಡಮ್‌ರಿ, ಶನಿವಾರ ಎರಡು ತಾಸು ಲ್ಯಾಬ್ ತಗಸಿ ಕೊಡ್ರಿ. ಬ್ಯಾರೆ ಏನೂ ಬ್ಯಾಡ್ರಿ."

"ನೋಡೂಣು. ಮುಂದಿನ ಸೆಮಿಸ್ಟರ್‌ದಾಗ."

ಮುಂದಿನ ಸೆಮಿಸ್ಟರಿನಲ್ಲಿ ಹುಡುಗರ ಸಂಖ್ಯೆ ಕಡಿಮೆಯಾಗಿ ತಾಸಿನ ಲೆಕ್ಕದವರನ್ನೇ ಕಡಿಮೆ ಮಾಡಿದರು. ಅವಳು "ಬರ್ತೇನ್ರಿ ಮೇಡಮ್" ಎಂದು ಹೇಳಿ ಹೋದಳು. ನಮ್ಮ ಕಡೆ ಹೋಗುವವರೂ ಬರ್ತೇನಿ ಎಂದೇ ಹೇಳುವುದು. ಅವಳು ಬರಲಿಲ್ಲ. ಆ ವರ್ಷ ನೆರವು ಕೊಟ್ಟ ಸಂಸ್ಥೆಗೆ ಅಂತಿಮ ವರದಿ ಬರೆದವಳು ನಾನೇ. ನಮ್ಮ ಭಾಗದಲ್ಲಿ ಈ ತರಬೇತಿ ಬೇರೂರಿದೆ ಎಂದು ಬರೆದೆ.

ಇದನ್ನೆಲ್ಲ ರೇಣುಕಾಳಿಗೆ ಹೇಳಲಿಲ್ಲ. "ಓದೂದು ಬರೋರು ಒಬ್ಬರು ಅದಾರ. ಹುಡುಕಿ ನೋಡ್ತೇನಿ," ಎಂದಷ್ಟೇ ಹೇಳಿ ಕಳಿಸಿದೆ. ಹಳೆಯ ವಿದ್ಯಾರ್ಥಿಯೊಬ್ಬಳಿಂದ ನಂಬರು ಸಿಕ್ಕಿತು. ಶಿವಲೀಲಾ ಈಗ ಜಯಸಿಂಗಪುರದಲ್ಲಿದ್ದಾಳೆ. ಗಂಡನ ಮನೆಯವರದು ಬೀಜ ಗೊಬ್ಬರದ ಅಂಗಡಿ, ಅಲ್ಲಿ ಕೂಡುತ್ತಾಳೆ. ಫೋನ್ ಹಚ್ಚಲು ನನಗೆ ಒಂದು ದಿನ ಬೇಕಾಯಿತು. ಅವಳು ಮೊದಲ ಮಾತಿಗೇ ಗುರುತು ಹಿಡಿದಳು.

"ಬರ್ರಿ ಮೇಡಮ್. ಮಧ್ಯಾಹ್ನ ಗಿರಾಕಿ ಕಡಿಮಿ ಇರ್ತಾರ."

ರೇಣುಕಾ ಬೆಳಗಿನ ಬಸ್ಸಿಗೆ ಕೊಲ್ಹಾಪುರಕ್ಕೆ ಬಂದಳು. ಇಬ್ಬರೂ ರೈಲಿನಲ್ಲಿ ಜಯಸಿಂಗಪುರಕ್ಕೆ ಹೋದೆವು. ಅಂಗಡಿ ಸಿಗಲು ಕಷ್ಟವಾಗಲಿಲ್ಲ. ಗೊಬ್ಬರದ ಚೀಲಗಳ ಅಟ್ಟಿ, ಔಷಧದ ಘಾಟು, ಗೋಡೆಗೆ ಕಬ್ಬಿನ ತಳಿಗಳ ಪೋಸ್ಟರ್. ಗಲ್ಲಾಪೆಟ್ಟಿಗೆಯ ಹಿಂದೆ ಶಿವಲೀಲಾ. ಕಣ್ಣಿಗೆ ಕನ್ನಡಕ ಬಂದಿದೆ, ಉಳಿದಂತೆ ಅದೇ ಮುಖ. ಎದ್ದು ಬಂದು ನನಗೆ ಕುರ್ಚಿ ಹಾಕಿದಳು, ಚಹಾ ಹೇಳಿದಳು, ನನ್ನ ಮೊಣಕಾಲು ನೋವಿನ ಬಗ್ಗೆ ಕೇಳಿದಳು. ನಾನು ಸಿದ್ಧಮಾಡಿಕೊಂಡು ಹೋಗಿದ್ದ ಮಾತು ಬಿಟ್ಟು ಮೊಣಕಾಲಿನ ಕಥೆಯನ್ನೇ ಹೇಳಿದೆ.

ರೇಣುಕಾ ಪ್ರಿಂಟ್‌ಔಟ್ ತೆಗೆಯಹೋದಳು.

"ಅದು ಬ್ಯಾಡ. ಫೈಲ್ ಕೊಡು."

ಬಿಲ್ ಮಾಡುವ ಕಂಪ್ಯೂಟರಿನ ಮುಂದೆ ಕೂತು ಒಂದು ಸಣ್ಣ ಉಚಿತ ಸಾಫ್ಟ್‌ವೇರ್ ಇಳಿಸಿಕೊಂಡಳು. ಸ್ವಲ್ಪ ತಡವರಿಸಿದಳು. ಎಲ್ಲಿ ಒತ್ತಬೇಕು ಎಂದು ಒಂದೆರಡು ಕಡೆ ಮರೆತಿತ್ತು. "ಭಾಳ ದಿವಸ ಆತು ನೋಡು," ಎಂದು ರೇಣುಕಾಳಿಗೆ ಹೇಳಿದಳು. ಆಮೇಲೆ ಪರದೆಯ ಮೇಲೆ ಅದೇ ಗುಡ್ಡಗಳ ಸಾಲು ಬಂತು.

"ಈ ತುದಿ, ಆ ತುದಿ ಬಿಟ್ಟ ಬಿಡು. ಅಲ್ಲಿ ಯಂತ್ರಕ್ಕೂ ಸರಿ ಕಂಡಿರೂದಿಲ್ಲ. ನಡುವ ನೋಡು. ಒಂದೊಂದು ಗುಡ್ಡಾ ಅಂದ್ರ ಒಂದೊಂದು ಅಕ್ಷರ. ಎಲ್ಲೆರ ಒಂದ ಜಾಗಾದಾಗ ಎರಡು ಬಣ್ಣದ ಗುಡ್ಡಾ ಒಂದರ ಮ್ಯಾಲ ಒಂದು ಬಂದಿದ್ರ, ಅವ್ವನ ಕಡಿಂದ ಒಂದು ಅಕ್ಷರ, ಅಪ್ಪನ ಕಡಿಂದ ಬ್ಯಾರೆ ಅಕ್ಷರ ಬಂದೈತಿ ಅಂತ ತಿಳಕೋ. ನೀ ಹುಡುಕೋ ಜಾಗಾ ಇದು."

ಒಂದು, ಎರಡು, ಮೂರು. ಒಂದೊಂದೇ ಫೈಲ್ ತೆರೆದರು. ನಾಲ್ಕನೆಯದಕ್ಕೆ ರೇಣುಕಾ ತಾನೇ ಮೌಸ್ ಹಿಡಿದಳು. ಆರನೆಯದು ಕೆಟ್ಟಿತ್ತು, ಅದನ್ನು ಮತ್ತೆ ಮಾಡಿಸಬೇಕು ಎಂದು ಪಕ್ಕಕ್ಕಿಟ್ಟರು. ನಡುವೆ ವಯಸ್ಸಾದ ಗಿರಾಕಿಯೊಬ್ಬರು ಬಂದು ಕಬ್ಬಿನ ಎಲೆ ತೋರಿಸಿದರು. "ಕಾಕಾ, ಜರಾ ಥಾಂಬಾ," ಎಂದು ಶಿವಲೀಲಾ ಮರಾಠಿಯಲ್ಲಿ ಹೇಳಿ ಅವರನ್ನು ಕಾಯಿಸಿದಳು. ಅವರು ಚೀಲದ ಮೇಲೆ ಕೂತು ಕಾದರು.

ಉಳಿದ ಏಳು ಕುರಿಗಳಲ್ಲಿ, ಜೋಡಿ ಮರಿ ಹಾಕುವವು, ಒಂದೇ ಮರಿ ಹಾಕುವವು, ಎಲ್ಲದರಲ್ಲೂ ಆ ಜಾಗದಲ್ಲಿ ಒಂದೇ ಗುಡ್ಡ. ಒಂದೇ ಅಕ್ಷರ. ಏನೂ ಬದಲಾಗಿರಲಿಲ್ಲ.

ರೇಣುಕಾಳ ಮುಖ ಸಣ್ಣದಾಯಿತು. "ಅಂದ್ರ ನಂದ ತಪ್ಪಾತೇನ್ರಿ ಅಕ್ಕಾ?"

"ಯಾಕ ತಪ್ಪು? ಈ ಅಕ್ಷರ ಅಲ್ಲಂದ್ರ ಬ್ಯಾರೆ ಏನೋ ಇರಬೇಕು." ಶಿವಲೀಲಾ ಕುರ್ಚಿಯನ್ನು ಅವಳ ಕಡೆ ತಿರುಗಿಸಿದಳು. "ಜೋಡಿ ಹಾಕೋ ಕುರಿ ಅವ್ವ ಯಾವುದು?"

ರೇಣುಕಾ ಹೇಳಿದಳು.

"ಅದರ ಅವ್ವ?"

ಅದನ್ನೂ ಹೇಳಿದಳು. ಅದರವ್ವ, ಅದರವ್ವನ ಅವ್ವ, ಯಾವುದು ಯಾವ ಟಗರಿಗೆ ಹುಟ್ಟಿದ್ದು, ಯಾವುದನ್ನು ಮಾರಿದ್ದು, ಯಾವುದು ಮಳೆಗಾಲದಲ್ಲಿ ಸತ್ತಿದ್ದು. ಅವಳ ಆಯಿ, ಅಂದರೆ ಅಜ್ಜಿ, ಬಾಯಿಪಾಠ ಮಾಡಿಸಿದ್ದಳಂತೆ. ಶಿವಲೀಲಾ ಬಿಲ್ ಪುಸ್ತಕದ ಹಿಂಬದಿಯಲ್ಲಿ ಗೆರೆ ಎಳೆಯುತ್ತ ಹೋದಳು. ಏಳು ತಲೆಮಾರು. ಅವಳ ಮುಖದಲ್ಲಿ ನಾನು ಆ ಶನಿವಾರಗಳಲ್ಲಿ ಕಂಡದ್ದನ್ನು ಮತ್ತೆ ಕಂಡೆ.

"ಇಂಥಾ ಪಟ್ಟಿ ದೊಡ್ಡ ದೊಡ್ಡ ಲ್ಯಾಬ್‌ದವರ ಕಡೆನೂ ಇರೂದಿಲ್ಲ ಹುಡುಗಿ. ಇದನ್ನ ಜ್ವಾಕ್ಯಾಗಿ ಇಟಗೋ."

"ಮತ್ತ ಆ ಬ್ಯಾರೆದ್ದು ಯಾವುದಂತ ಹ್ಯಾಂಗ ಹುಡುಕೂದ್ರಿ?"

"ಒಂದು ಜೀನ್ ನೋಡಿದ್ರ ಸಾಲೂದಿಲ್ಲ. ಇನ್ನಷ್ಟು ಕುರಿ ಬೇಕು, ಅವುಗಳದು ಪೂರಾ ಬರಹ ನೋಡಬೇಕು. ಅದು ಬ್ಯಾರೆ ವಿದ್ಯಾ. ನನಗ ಬರೂದಿಲ್ಲ."

"ಯಾರಿಗೆ ಬರ್ತೈತ್ರಿ?"

ಶಿವಲೀಲಾ ತೆರೆದಿದ್ದ ಫೈಲುಗಳನ್ನು ಒಂದೊಂದಾಗಿ ಮುಚ್ಚಿದಳು. ನನ್ನ ಕಡೆ ನೋಡಲಿಲ್ಲ.

"ಆ ಮೂರು ವಾರದಾಗ ಅದನ್ನ ಕಲಸವರಿದ್ರು," ಎಂದಳು.

ಕೂಗಲಿಲ್ಲ, ವ್ಯಂಗ್ಯ ಇರಲಿಲ್ಲ. ಇಂಥ ಔಷಧ ಈಗ ಬರುತ್ತಿಲ್ಲ ಎಂದು ಗಿರಾಕಿಗೆ ಹೇಳುವ ದನಿಯಲ್ಲೇ ಹೇಳಿದಳು. ಯಾವ ಮೂರು ವಾರ ಎಂದು ರೇಣುಕಾಳಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು. ಆ ಪತ್ರದ ಜೊತೆ ಪಾಠಗಳ ಪಟ್ಟಿಯೂ ಇತ್ತು, ಅದನ್ನು ನಾನು ಓದಿರಲಿಲ್ಲ. ಅವಳು ನೋಟಿಸ್ ಬೋರ್ಡಿನ ಮುಂದೆ ಓದಿದ್ದಳು, ಈಗಲೂ ನೆನಪಿಟ್ಟಿದ್ದಳು.

ನಾನು ಏನಾದರೂ ಮಾಡಬೇಕಿತ್ತಲ್ಲ? ಮಾಡಿದೆ. ನಮ್ಮಂಥವರು ಯಾವಾಗಲೂ ಮಾಡುವುದನ್ನೇ ಮಾಡಿದೆ.

"ಶಿವಲೀಲಾ, ನಾ ಕಾಲೇಜಿನವರ ಜೋಡಿ ಮಾತಾಡ್ತೇನಿ. ನಿನ್ನ ಗೆಸ್ಟ್ ಲೆಕ್ಚರ್ ಇಡಸೂಣು. ಮಾನದಿಂದ ಕರೀತಾರ. ಸತ್ಕಾರನೂ ಮಾಡ್ತಾರ."

ಅವಳು ನಕ್ಕಳು. "ಸತ್ಕಾರ ಬ್ಯಾಡ್ರಿ ಮೇಡಮ್. ಈಗ ಬಂದು ಏನ ಹೇಳ್ಲಿ? ನಾ ಕಲತಿದ್ದು ಹಳೇದಾತು. ದಿನಾ ಕೈಯಾಡಸ್ತಿದ್ರ ಹೊಸಾದು ಹತ್ತತಿತ್ತು. ಈಗ ಈ ಒಂದು ಫೈಲ್ ಓದಿ ಹೇಳಬಲ್ಲೆ, ಅಷ್ಟ."

"ನಿನ್ನ ಆ ನೋಟ್ಸ್?"

"ಮನಿ ಬದಲಿ ಮಾಡೂಮುಂದ ರದ್ದಿಗೆ ಹೋದ್ವು."

ಕಾದಿದ್ದ ಕಾಕಾ ಕೆಮ್ಮಿದರು. ಶಿವಲೀಲಾ ಎದ್ದು ಹೋಗಿ ಕಬ್ಬಿನ ಎಲೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಎಷ್ಟು ದಿನದಿಂದ ಹೀಗಿದೆ, ಹೊಲದ ಯಾವ ಕಡೆಯಿಂದ ಶುರುವಾಯಿತು, ಪಕ್ಕದ ಹೊಲದಲ್ಲೂ ಇದೆಯೇ ಎಂದು ಕೇಳಿದಳು. ಔಷಧ ಕೊಡಲಿಲ್ಲ. ಇನ್ನೂ ನಾಲ್ಕು ಎಲೆ ತಂದು ತೋರಿಸಿ ಎಂದು ಹೇಳಿ ಕಳಿಸಿದಳು. ಒಳ್ಳೆಯ ಅಂಗಡಿ ಅದು. ಅವಳು ಸುಖವಾಗಿಯೇ ಇದ್ದಾಳೆ. ಅವಳ ಬಗ್ಗೆ ನೀವು ಮರುಗುವ ಅಗತ್ಯ ಇಲ್ಲ, ಅದಕ್ಕೆ ನಾನು ಇದನ್ನು ಬರೆಯುತ್ತಲೂ ಇಲ್ಲ.

ಮರಳುವಾಗ ರೈಲಿನಲ್ಲಿ ರೇಣುಕಾ ಬಿಲ್ ಪುಸ್ತಕದ ಆ ಹಾಳೆಯನ್ನು ಎರಡು ಪುಸ್ತಕಗಳ ನಡುವೆ ಇಟ್ಟುಕೊಂಡಿದ್ದಳು. ವರದಿಯನ್ನು ಸಮಯಕ್ಕೆ ಕೊಡುತ್ತಾಳೆ. ಹುಡುಕಿದ ಬದಲಾವಣೆ ಕಾಣಲಿಲ್ಲ ಎಂದು ಬರೆಯುತ್ತಾಳೆ. ಅಷ್ಟಕ್ಕೆ ಡಿಗ್ರಿ ಸಿಗುತ್ತದೆ. ಪ್ರಶ್ನೆ ಹಾಗೇ ಉಳಿಯುತ್ತದೆ.

ಹಾತಕಣಂಗಲೆ ದಾಟಿದ ಮೇಲೆ ಕೇಳಿದಳು, "ಮೇಡಮ್‌ರಿ, ಆ ಅಕ್ಕಾ ಇಷ್ಟು ಚಲೋ ಹೇಳ್ತಾರ. ಅವರನ್ನ ಯಾಕ ಬಿಟ್ರಿ ನೀವು?"

ಅವರು ಬಿಟ್ಟು ಹೋದರು ಎಂದು ಹೇಳಬಹುದಿತ್ತು. ರೂಲ್ಸ್ ಹಾಗಿತ್ತು ಎನ್ನಬಹುದಿತ್ತು. ಎರಡೂ ಸುಳ್ಳಲ್ಲ.

"ಬಿಟ್ಟಾಕಿ ನಾನ," ಎಂದೆ. "ಒಂದು ಹೆಸರು ಬರೀಬೇಕಿತ್ತು. ಬರೀಲಿಲ್ಲ."

ಅವಳು ಆ ಹಾಳೆಯನ್ನು ಮತ್ತೆ ತೆಗೆದು ನೋಡತೊಡಗಿದಳು. ಯಾಕೆ ಬರೆಯಲಿಲ್ಲ ಎಂದು ಕೇಳಿದ್ದರೆ ಚೆನ್ನಾಗಿತ್ತು.

ಓದುಗರೇ, ಇದು ನಮ್ಮ ಕಾಲೇಜಿನ ಕಥೆ ಮಾತ್ರವೇ? ನಿಮ್ಮ ಊರಿನಲ್ಲೂ ಶಿಬಿರ ನಡೆದಿರುತ್ತದೆ. ಹೊಲಿಗೆ ಶಿಬಿರ, ಕಂಪ್ಯೂಟರ್ ಶಿಬಿರ, ಮಣ್ಣು ಪರೀಕ್ಷೆಯ ಶಿಬಿರ. ಹೊರಗಿನಿಂದ ಬಂದವರನ್ನು ನಾವು ಕೈಹಿಡಿದು ವೇದಿಕೆಗೆ ಹತ್ತಿಸುತ್ತೇವೆ. ಹಿಂದಿನ ಬೆಂಚಿನಲ್ಲಿ ಕೂತ ನಮ್ಮವಳೇ ಒಬ್ಬಳು ಎಲ್ಲವನ್ನೂ ಕಲಿತು, ಎರಡು ವರ್ಷ ಕಲಿಸಿಯೂ ಬಿಟ್ಟರೆ, ಅವಳು ಕಾಯಂ ಹೌದೋ ಅಲ್ಲವೋ ಎಂದು ಕಾಗದ ತೆಗೆದು ನೋಡುತ್ತೇವೆ. ಯಂತ್ರ ಹಳೆಯದಾಗಿತ್ತು, ನೆಟ್ ಬರುತ್ತಿರಲಿಲ್ಲ, ಕರೆಂಟ್ ಹೋಗುತ್ತಿತ್ತು, ಅದಕ್ಕೇ ನಮ್ಮ ಭಾಗದಲ್ಲಿ ವಿದ್ಯೆ ಬೆಳೆಯಲಿಲ್ಲ ಎಂದು ನಾನೇ ಎಷ್ಟೋ ಸಭೆಗಳಲ್ಲಿ ಮಾತಾಡಿದ್ದೇನೆ. ಅದೆಲ್ಲ ಇದ್ದಾಗಲೂ ಆ ಕ್ಲಾಸು ನಡೆದಿತ್ತು. ನಿಂತದ್ದು ಅವುಗಳಿಂದಲ್ಲ.

ಮೊನ್ನೆ ಕೊಲ್ಹಾಪುರದ ಒಂದು ಕಾಲೇಜಿನಿಂದ ಫೋನ್ ಬಂತು. ಅಲ್ಲೂ ಬಯೋಇನ್‌ಫರ್ಮ್ಯಾಟಿಕ್ಸ್ ಕಾರ್ಯಾಗಾರ ಇದೆಯಂತೆ, ಐದು ದಿನ. ಉದ್ಘಾಟನೆಗೆ ಹಿರಿಯರಾದ ನಾನೇ ಬರಬೇಕಂತೆ. ಕರೆದ ಹುಡುಗ ಸಂಯೋಜಕ, ಕನ್ನಡದವನೇ, ಬಹಳ ಉತ್ಸಾಹದಲ್ಲಿದ್ದ. ಯಾರು ಯಾರು ಬರುತ್ತಾರೆ, ಎಲ್ಲಿ ಉಳಿಸುತ್ತೇವೆ, ಊಟಕ್ಕೆ ಏನು, ಎಲ್ಲ ಹೇಳಿದ. ನಾನು ಎಲ್ಲ ಕೇಳಿಕೊಂಡು, "ಬರ್ತೇನಪಾ. ಒಂದು ಹೇಳು, ಐದು ದಿವಸ ಮುಗದ ಮ್ಯಾಲ ಅಲ್ಲಿ ಕಲಸೋರು ಯಾರು?" ಎಂದು ಕೇಳಿದೆ.

ಅವನು ಹಾಳೆ ತಿರುವಿದ ಸದ್ದು ಕೇಳಿಸಿತು.

"ಅದು ಕಾರ್ಯಕ್ರಮ ಪತ್ರಿಕೆದಾಗ ಇಲ್ರಿ ಮೇಡಮ್."

ನಮ್ಮದರಲ್ಲೂ ಇರಲಿಲ್ಲ.